ರುಡಾಲ್ಫ್ ಡೀಸೆಲ್ ಅವರನ್ನು ಕೊಂದಿದ್ದು ನಿಜವೇ? ಅವರ ಎಂಜಿನ್ ‘ಏರ್’ ಹಿಡಿಯುವುದೇಕೆ?

ಕಡಲೆಕಾಯಿ ಎಣ್ಣೆಯಲ್ಲಿ ಓಡುವ ಎಂಜಿನ್ ಕಂಡುಹಿಡಿದಿದ್ದಕ್ಕೆ ಎಣ್ಣೆ ಕಂಪನಿಗಳು ರುಡಾಲ್ಫ್ ಡೀಸೆಲ್ ಅವರನ್ನು ಹಡಗಿನಿಂದ ತಳ್ಳಿ ಕೊಂದವು ಎಂಬ ಮೆಸೇಜ್ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಕಡಲೆಕಾಯಿ ಎಣ್ಣೆಯ ಮಾತು ಅರ್ಧ ನಿಜ. ಕೊಲೆಗೆ ಪುರಾವೆ ಇಲ್ಲ. ಆದರೆ ಈ ಫಾರ್ವರ್ಡ್ ಹೇಳದ ಒಂದು ಸಂಗತಿ ನಿಮ್ಮ ಟ್ರ್ಯಾಕ್ಟರ್‌ಗೂ ಸಂಬಂಧಿಸಿದ್ದು.

ರುಡಾಲ್ಫ್ ಹುಟ್ಟಿದ್ದು 1858ರಲ್ಲಿ, ಪ್ಯಾರಿಸ್‌ನಲ್ಲಿ. ತಂದೆ ತಾಯಿ ಜರ್ಮನ್ನರು. 1870ರಲ್ಲಿ ಯುದ್ಧ ಶುರುವಾದಾಗ ಕುಟುಂಬ ಲಂಡನ್‌ಗೆ ಹೋಯಿತು; 12 ವರ್ಷದ ಹುಡುಗನನ್ನು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿದ್ದ ಸಂಬಂಧಿಕರ ಮನೆಗೆ ಓದಲು ಕಳಿಸಿದರು. ಮುಂದೆ ಮ್ಯೂನಿಕ್‌ನಲ್ಲಿ ಎಂಜಿನಿಯರಿಂಗ್. ಉಗಿಯಂತ್ರ ಕಲ್ಲಿದ್ದಲಿನ ಶಾಖದ ಬಹುಪಾಲನ್ನು ವ್ಯರ್ಥ ಮಾಡುತ್ತದೆ ಎಂಬುದು ಅವರ ತಲೆಯಲ್ಲಿ ಕೂತಿದ್ದು ಅಲ್ಲೇ.

ಸೈಕಲ್‌ಗೆ ಗಾಳಿ ಹೊಡೆದರೆ ಪಂಪ್‌ನ ತುದಿ ಬಿಸಿಯಾಗುತ್ತದಲ್ಲ, ಅದೇ ಅವರ ಎಂಜಿನ್‌ನ ಮೂಲ. ಗಾಳಿಯನ್ನು ಬಿಗಿಯಾಗಿ ಒತ್ತಿ ಕಾಯಿಸಿ, ಅದರೊಳಗೆ ಇಂಧನ ಚಿಮ್ಮಿಸಿದರೆ ಕಿಡಿಯೇ ಬೇಡ, ತಾನೇ ಹೊತ್ತಿಕೊಳ್ಳುತ್ತದೆ. 1893ರ ಆಗಸ್ಟ್‌ನಲ್ಲಿ ಆಗ್ಸ್‌ಬರ್ಗ್‌ನಲ್ಲಿ ಮೊದಲ ಪರೀಕ್ಷೆ ಮಾಡಿದಾಗ ಒತ್ತಡ ಅಳೆಯುವ ಉಪಕರಣವೇ ಸಿಡಿಯಿತು. 1894ರಲ್ಲಿ ಎಂಜಿನ್ ತನ್ನ ಬಲದಲ್ಲಿ ಓಡಿತು, ಸುಮಾರು ಒಂದು ನಿಮಿಷ! 1897ರ ಎಂಜಿನ್ ಇಂಧನದ ಶಾಖದಲ್ಲಿ ಸುಮಾರು 26% ಭಾಗವನ್ನು ಕೆಲಸಕ್ಕೆ ತಿರುಗಿಸಿತು. ಆ ಕಾಲಕ್ಕೆ ಅದು ದಂಗುಬಡಿಸುವ ಅಂಕಿ.

ದೊಡ್ಡ ತಲೆನೋವು ಇಂಧನವನ್ನು ಒಳಗೆ ಕಳಿಸುವುದು. ಒಳಗಿನ ಒತ್ತಡ ಮೀರಿಸಿ ಚಿಮ್ಮಿಸುವಂಥ ಸಣ್ಣ ಪಂಪ್ ಆಗ ಇರಲಿಲ್ಲ. ಹಾಗಾಗಿ ಅವರು ಕಂಪ್ರೆಸರ್‌ನ ಗಾಳಿಯಿಂದಲೇ ಇಂಧನವನ್ನು ಊದಿಸಿದರು. ಆ ಭಾರದ ಕಂಪ್ರೆಸರ್ ಕಾರ್ಖಾನೆಗೆ, ಹಡಗಿಗೆ ಸರಿ, ಲಾರಿಗೆ ಕಷ್ಟ. 1927ರಲ್ಲಿ ಬಾಷ್ ಕಂಪನಿ ಇಂಜೆಕ್ಷನ್ ಪಂಪ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡತೊಡಗಿದ ಮೇಲೆ ಲಾರಿ, ಟ್ರ್ಯಾಕ್ಟರ್‌ಗಳ ದಾರಿ ಸುಗಮವಾಯಿತು.

ಅಂದು ಇಂಧನ ಹೊತ್ತೊಯ್ದ ಗಾಳಿಯೇ ಈಗ ಡೀಸೆಲ್ ಪೈಪಿನಲ್ಲಿ ಶತ್ರು. ಡೀಸೆಲ್ ಒತ್ತಿದರೆ ಕುಗ್ಗುವುದು ತೀರಾ ಕಡಿಮೆ, ಗಾಳಿ ಸುಲಭವಾಗಿ ಕುಗ್ಗುತ್ತದೆ. ಗುಳ್ಳೆ ಸಿಕ್ಕರೆ ಪಂಪ್ ಅದನ್ನೇ ಒತ್ತುತ್ತಾ ಕೂರುತ್ತದೆ, ನಾಜಲ್ ತೆರೆಯುವುದಿಲ್ಲ. ಡೀಸೆಲ್ ಸೋರುತ್ತಿಲ್ಲ ಎಂದು ನಿಶ್ಚಿಂತರಾಗಬೇಡಿ. ಟ್ಯಾಂಕ್‌ನಿಂದ ಪಂಪ್‌ವರೆಗಿನ ಪೈಪಿನಲ್ಲಿ ಎಳೆತ ಇರುತ್ತದೆ, ಬಿರುಕು ಗಾಳಿಯನ್ನು ಒಳಗೆಳೆಯುತ್ತದೆ; ನೆಲದ ಮೇಲೆ ಒಂದು ಹನಿಯೂ ಬೀಳದಿರಬಹುದು. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಸತಾಯಿಸಿದರೆ ಇದೂ ಒಂದು ಕಾರಣ. ಪಂಪ್‌ಗೆ ಮುಂಚೆ ಪಾರದರ್ಶಕ ಪೈಪಿನ ತುಂಡು ಹಾಕಿದರೆ ಗುಳ್ಳೆ ಕಾಣುತ್ತದೆ. ಕ್ಯಾನ್‌ನಿಂದ ನೇರವಾಗಿ ಡೀಸೆಲ್ ಕೊಟ್ಟಾಗ ಎಂಜಿನ್ ಸರಿಯಾಗಿ ಓಡಿದರೆ ದೋಷ ಟ್ಯಾಂಕ್ ಕಡೆಯ ಪೈಪಿನಲ್ಲಿದೆ. ಫಿಲ್ಟರ್ ಸೀಲ್, ತಾಮ್ರದ ವಾಷರ್, ಹಳೇ ರಬ್ಬರ್ ಪೈಪ್ ನೋಡಿ. ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆದರೆ ಅಂದಿಗೆ ಓಡುತ್ತದೆ; ಮರುದಿನ ಮತ್ತೆ ಅದೇ ಪಾಡಾದರೆ ತೂತು ಇನ್ನೂ ಇದೆ. ಹೊಸ ಕಾಮನ್ ರೈಲ್ ಗಾಡಿಗಳಲ್ಲಿ ಮಾತ್ರ ನಾಜಲ್ ಪೈಪು ಸಡಿಲಿಸಬೇಡಿ, ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ.

ಇನ್ನು ಫಾರ್ವರ್ಡ್ ವಿಷಯ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿದ್ದು ಹೌದು. ಆದರೆ ಓಡಿಸಿದ್ದು ಒಟ್ಟೊ ಕಂಪನಿ, ಫ್ರೆಂಚ್ ಸರ್ಕಾರದ ಆಸಕ್ತಿಯಿಂದ. ಆ ಎಣ್ಣೆಗೆಂದೇ ಮಾಡಿದ ಎಂಜಿನ್ ಅದಲ್ಲ. ರುಡಾಲ್ಫ್ ಮುಂದೆ ಸಸ್ಯದ ಎಣ್ಣೆಗೆ ಭವಿಷ್ಯವಿದೆ ಎಂದು ನಂಬಿದ್ದರು, ಅಷ್ಟೇ.

1913ರ ಸೆಪ್ಟೆಂಬರ್ 29ರ ಸಂಜೆ ಅವರು ಆಂಟ್‌ವರ್ಪ್‌ನಲ್ಲಿ ಡ್ರೆಸ್ಡೆನ್ ಎಂಬ ಹಡಗು ಹತ್ತಿದರು. ರಾತ್ರಿ ಊಟ ಮುಗಿಸಿ ಕೋಣೆಗೆ ಹೋದವರು ಬೆಳಿಗ್ಗೆ ಇರಲಿಲ್ಲ, ಹಾಸಿಗೆಯಲ್ಲಿ ಮಲಗಿದ ಗುರುತೂ ಇರಲಿಲ್ಲ. ಆಗ ಅವರು ಸಾಲದಲ್ಲಿ ಮುಳುಗಿದ್ದರು. ಆತ್ಮಹತ್ಯೆ ಎಂಬ ಊಹೆಗೆ ಮುಖ್ಯ ಆಧಾರ ಇದೇ. ಸುಮಾರು ಹತ್ತು ದಿನಗಳ ನಂತರ ಡಚ್ ದೋಣಿಯೊಂದಕ್ಕೆ ಶವ ಸಿಕ್ಕಿತು. ನಾವಿಕರು ಜೇಬಿನ ವಸ್ತುಗಳನ್ನು ತೆಗೆದುಕೊಂಡು ಶವವನ್ನು ಸಮುದ್ರಕ್ಕೇ ಬಿಟ್ಟರು. ಆ ವಸ್ತುಗಳು ತಂದೆಯವು ಎಂದು ಮಗ ಯೂಗೆನ್ ಗುರುತಿಸಿದ.