ಎಸ್. ಆರ್. ರಂಗನಾಥನ್

ಶಿಯಾಳಿ ರಾಮಾಮೃತ ರಂಗನಾಥನ್ (ಆಗಸ್ಟ್ 12, 1892 – ಸೆಪ್ಟೆಂಬರ್ 27, 1972) ಭಾರತದ ಗಣಿತಜ್ಞ ಹಾಗೂ ಗ್ರಂಥಪಾಲಕರು. ಭಾರತೀಯ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಪ್ರಸಿದ್ಧರಾದ ಇವರು ಗ್ರಂಥಾಲಯದ ಆಡಳಿತವನ್ನು ಅಂಕಿ-ಅಂಶಗಳ ಆಧಾರದ ಮೇಲೆ ನಡೆಸುವ ಪದ್ಧತಿಯನ್ನು ರೂಪಿಸಿದರು.

ಆರಂಭಿಕ ಜೀವನ

ತಮಿಳುನಾಡಿನ ಶಿಯಾಳಿಯಲ್ಲಿ ಜನಿಸಿದ ರಂಗನಾಥನ್ ಮದರಾಸಿನಲ್ಲಿ ಗಣಿತಶಾಸ್ತ್ರವನ್ನು ವ್ಯಾಸಂಗ ಮಾಡಿದರು. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಅಧ್ಯಾಪಕರಾದರು. ಈಗ ಉಡುಪಿ ಜಿಲ್ಲೆಗೆ ಸೇರಿರುವ ಉಡುಪಿ, ಕಾಪು ಮತ್ತು ಕಾರ್ಕಳ ಪ್ರದೇಶಗಳು ಆಗ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು.

ಗ್ರಂಥಪಾಲಕರಾಗಿ

1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಓದುಗರಿಲ್ಲದ ಗ್ರಂಥಾಲಯದ ಏಕಾಂತದಿಂದ ಬೇಸತ್ತು ಅಧ್ಯಾಪನಕ್ಕೆ ಮರಳಲು ಬಯಸಿದರು. ಆದರೆ ತರಬೇತಿಗಾಗಿ ಲಂಡನ್ನಿಗೆ ಹೋದಾಗ, ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳು ಸಮಾಜದ ಎಲ್ಲ ವರ್ಗದವರಿಗೂ ಸೇವೆ ಸಲ್ಲಿಸುವುದನ್ನು ಕಂಡು ಅವರ ಮನಸ್ಸು ಬದಲಾಯಿತು. ಹಿಂದಿರುಗಿದ ಬಳಿಕ ಆ ವೃತ್ತಿಯಲ್ಲೇ ನೆಲೆನಿಂತರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನು ಕುರಿತ ಕೃತಿಯನ್ನೂ, 1933ರಲ್ಲಿ ಕೋಲನ್ ವರ್ಗೀಕರಣವನ್ನೂ ಪ್ರಕಟಿಸಿದರು.

ಆಡಳಿತದಲ್ಲಿ ಗಣಿತ

ಗ್ರಂಥಾಲಯದ ನಿರ್ಧಾರಗಳು ಅಧಿಕಾರಿಯ ಊಹೆಯನ್ನಲ್ಲ, ಬಳಕೆಯ ದಾಖಲೆಯನ್ನು ಆಧರಿಸಬೇಕೆಂಬುದು ಅವರ ನಿಲುವಾಗಿತ್ತು. ಸಿಬ್ಬಂದಿಯ ಸಂಖ್ಯೆಯನ್ನು ನಿರ್ಣಯಿಸಲು ಅವರು ಸೂತ್ರವೊಂದನ್ನು ನೀಡಿದರು. ಅದರಂತೆ ಪುಸ್ತಕ ವಿಭಾಗಕ್ಕೆ ವರ್ಷಕ್ಕೆ ಸೇರ್ಪಡೆಯಾಗುವ ಪ್ರತಿ 6,000 ಗ್ರಂಥಗಳಿಗೆ ಒಬ್ಬರು, ಎರವಲು ವಿಭಾಗಕ್ಕೆ ಕೌಂಟರ್ ತೆರೆದಿರುವ ಪ್ರತಿ 1,500 ಗಂಟೆಗಳಿಗೆ ಒಬ್ಬರು ಬೇಕಾಗುತ್ತಾರೆ. ಅನುದಾನ ಕೇಳುವ ಗ್ರಂಥಪಾಲಕರಿಗೆ ಆಡಳಿತ ಮಂಡಳಿಯ ಮುಂದಿಡಲು ಇದರಿಂದ ಲೆಕ್ಕದ ಆಧಾರ ದೊರೆಯಿತು.

ಶಾಸನ ಮತ್ತು ಬೆಂಗಳೂರಿನ ವರ್ಷಗಳು

ರಂಗನಾಥನ್‌ರ ಪ್ರಯತ್ನದ ಫಲವಾಗಿ 1948ರಲ್ಲಿ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯಿದೆ ಅಂಗೀಕಾರವಾಯಿತು. ಆಗ ಮದರಾಸು ಪ್ರಾಂತ್ಯದ ಭಾಗವಾಗಿದ್ದ ದಕ್ಷಿಣ ಕನ್ನಡವೂ ಅದರ ವ್ಯಾಪ್ತಿಗೆ ಬಂದಿತು. 1957ರಲ್ಲಿ ಪದ್ಮಶ್ರೀ ಪ್ರಶಸ್ತಿ ಪಡೆದ ಅವರು ನಂತರ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ದಾಖಲೆ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. 1965ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರಾದರು. 1972ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಪ್ರಭಾವ

ಇಂದು ಕಾಲೇಜು ಹಾಗೂ ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳಲ್ಲಿ ಗಣಕಯಂತ್ರದ ತಂತ್ರಾಂಶವು ಎರವಲು, ಬೇಡಿಕೆ ಮತ್ತು ವೆಚ್ಚದ ದಾಖಲೆಗಳನ್ನು ಒದಗಿಸುತ್ತದೆ. ಯಾವ ಪುಸ್ತಕದ ಹೆಚ್ಚುವರಿ ಪ್ರತಿ ಕೊಳ್ಳಬೇಕು, ಯಾವ ನಿಯತಕಾಲಿಕೆ ನಿಲ್ಲಿಸಬೇಕು, ಕೌಂಟರನ್ನು ಎಷ್ಟು ಹೊತ್ತು ತೆರೆದಿಡಬೇಕು ಎಂಬ ತೀರ್ಮಾನಗಳಿಗೆ ಅವು ಆಧಾರವಾಗುತ್ತವೆ. ಯಂತ್ರದ ವೇಗ ಹೊಸದಾದರೂ ಅಳೆದು ನಿರ್ಧರಿಸುವ ಕ್ರಮ ರಂಗನಾಥನ್‌ರ ಪದ್ಧತಿಗೆ ಸಮೀಪವಾದುದು. ಅವರ ಜನ್ಮದಿನವಾದ ಆಗಸ್ಟ್ 12ನ್ನು ಭಾರತದಲ್ಲಿ ರಾಷ್ಟ್ರೀಯ ಗ್ರಂಥಪಾಲಕರ ದಿನವಾಗಿ ಆಚರಿಸಲಾಗುತ್ತದೆ.