ಚನ್ನಗಿರಿಯ ಧೋಂಡಿಯಾ ವಾಘ್: ಜೋಡಿ ಯಾರು ಅಂತ ನೋಡಿ ಜಟ್ಟಿಯ ಅಳತೆ

ಚನ್ನಗಿರಿ: ಕುಸ್ತಿಯಲ್ಲಿ ಪೈಲ್ವಾನ್ ಒಬ್ಬ ಗೆದ್ದ ಅಂದರೆ ಈ ಭಾಗದ ಜನ ಮೊದಲು ಕೇಳೋದು, ಜೋಡಿ ಯಾರಿದ್ದ ಅಂತ. ಎಳೆ ಹುಡುಗನನ್ನು ಕೆಡವಿದ್ದರೆ ಅದಕ್ಕೇನು ಬೆಲೆ? ಹೆಸರಾದ ಜಟ್ಟಿಯ ಮುಂದೆ ಹೊತ್ತು ಮುಳುಗುವ ತನಕ ನಿಂತು ಸೋತರೆ, ಸೋತವನಿಗೂ ಶಿಳ್ಳೆ ಬೀಳುತ್ತೆ. ಚನ್ನಗಿರಿಯಲ್ಲಿ ಹುಟ್ಟಿ, ಒಂದು ಕಾಲಕ್ಕೆ ತುಂಗಭದ್ರೆಯ ಎರಡೂ ದಂಡೆಯನ್ನು ನಡುಗಿಸಿದ ಧೋಂಡಿಯಾ ವಾಘ್‌ನ ಬಾಳನ್ನೂ ಹೀಗೇ ಅಳೆದು ನೋಡಬೇಕು.

ಧೋಂಡಿಯಾ ಮರಾಠಾ ಪವಾರ್ ಮನೆತನದವನು. ವಾಘ್ ಅಂದರೆ ಮರಾಠಿಯಲ್ಲಿ ಹುಲಿ. ಹೈದರ್ ಅಲಿಯ ಕಾಲದಲ್ಲಿ ಕುದುರೆ ಸವಾರನಾಗಿ ಮೈಸೂರು ದಂಡು ಸೇರಿದ. ಟಿಪ್ಪುವಿಗೂ ಇಂಗ್ಲಿಷರಿಗೂ ಮೂರನೇ ಯುದ್ಧ ನಡೆದಾಗ ದಂಡು ಬಿಟ್ಟು ಹೊರಟ. ಲಕ್ಷ್ಮೇಶ್ವರದ ಕಡೆ ಹೋಗಿ ಸ್ವಂತ ಪಡೆ ಕಟ್ಟಿದ. ಹಾವೇರಿ, ಸವಣೂರು ಅವನ ಕೈಗೆ ಬಂದವು. 1794ರಲ್ಲಿ ಮರಾಠರ ದಂಡನಾಯಕ ಧೋಂಡೋಪಂತ ಗೋಖಲೆ ಬೆನ್ನಟ್ಟಿ ಬಂದಾಗ ಮಾತ್ರ ನಿಲ್ಲಲಾಗಲಿಲ್ಲ. ಸೋತು ಟಿಪ್ಪುವಿನ ಆಶ್ರಯಕ್ಕೆ ಹೋದ. ಟಿಪ್ಪು ಅವನನ್ನು ಇಸ್ಲಾಂಗೆ ಸೇರಿಸಿದ, ಆಮೇಲೆ ನಂಬಿಕೆ ಸಾಲದೆ ಶ್ರೀರಂಗಪಟ್ಟಣದ ಸೆರೆಮನೆಗೆ ಹಾಕಿದ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಆ ಗದ್ದಲದಲ್ಲಿ ಧೋಂಡಿಯಾ ಸೆರೆಯಿಂದ ಹೊರಬಿದ್ದ. ಕೆಲಸ ಕಳಕೊಂಡ ಟಿಪ್ಪುವಿನ ಸಿಪಾಯಿಗಳು, ಸವಾರರು ಗುಂಪುಗುಂಪಾಗಿ ಅವನ ಹಿಂದೆ ಬಂದರು. ಕೆಲವೇ ವಾರಗಳಲ್ಲಿ ಬಿದನೂರು, ಶಿವಮೊಗ್ಗ, ಹೊನ್ನಾಳಿ, ಹುಟ್ಟೂರು ಚನ್ನಗಿರಿ ಸೇರಿ ದೊಡ್ಡ ಸೀಮೆ ಅವನ ವಶವಾಯಿತು. ತನ್ನನ್ನು ಉಭಯ ಲೋಕಾಧೀಶ್ವರ ಅಂತ ಕರೆದುಕೊಂಡ.

ಈ ಗೆಲುವು ನಿಜಕ್ಕೂ ಎಷ್ಟು ದೊಡ್ಡದು? ಹಳೇ ದೊರೆ ಸತ್ತಿದ್ದ, ಹೊಸ ಆಡಳಿತ ಇನ್ನೂ ಇತ್ತ ಕಡೆ ಕಾಲಿಟ್ಟಿರಲಿಲ್ಲ. ಅಖಾಡದಲ್ಲಿ ಎದುರಾಳಿಯೇ ಇರಲಿಲ್ಲ ಅನ್ನಬೇಕು. ಆಗಸ್ಟ್ ಹೊತ್ತಿಗೆ ಕರ್ನಲ್ ಡಾಲ್ರಿಂಪಲ್ ಮತ್ತು ಕರ್ನಲ್ ಸ್ಟೀವನ್ಸನ್ ಅವರ ತುಕಡಿಗಳು ಬಂದವು. ಶಿವಮೊಗ್ಗ, ಹೊನ್ನಾಳಿ ಕೈತಪ್ಪಿದವು. ಶಿಕಾರಿಪುರದಲ್ಲೂ ಸೋತ ಧೋಂಡಿಯಾ ಮರಾಠರ ಸೀಮೆಗೆ ಓಡಿದ. ಇಷ್ಟಕ್ಕೇ ಕತೆ ಮುಗಿದಿದ್ದರೆ ಅವನು ಇತಿಹಾಸದಲ್ಲಿ ಬರೀ ಒಬ್ಬ ಲೂಟಿಕೋರ ಆಗಿ ಉಳಿಯುತ್ತಿದ್ದ.

ಆದರೆ ಮುಂದಿನ ವರ್ಷ ಇನ್ನೂ ದೊಡ್ಡ ಪಡೆ ಕಟ್ಟಿಕೊಂಡು ಮತ್ತೆ ಎದ್ದ. ಈ ಸಲ ಅವನಿಗೆ ಸಿಕ್ಕ ಜೋಡಿ ಆರ್ಥರ್ ವೆಲ್ಲೆಸ್ಲಿ. ಅದೇ ಹೊತ್ತಿಗೆ ವೆಲ್ಲೆಸ್ಲಿಗೆ ಬಟಾವಿಯಾ, ಅಂದರೆ ಇಂದಿನ ಜಕಾರ್ತಾ, ಮೇಲೆ ಹೋಗುವ ದಂಡಿನ ಮುಂದಾಳತ್ವ ಬಂದಿತ್ತು. ಹೆಸರು, ಹಣ ಎರಡೂ ಸಿಗುವ ಕೆಲಸ. ಅದನ್ನು ಬಿಟ್ಟು ಧೋಂಡಿಯಾನ ಬೆನ್ನು ಹತ್ತಿದ. ಸಿಕ್ಕ ಮೊದಲ ಮರಕ್ಕೇ ಅವನನ್ನು ನೇಣು ಹಾಕಬೇಕು ಅನ್ನೋದು ಮೇಲಿನವರ ಹುಕುಂ.

1800ರ ಜೂನ್‌ನಲ್ಲಿ ವೆಲ್ಲೆಸ್ಲಿಯ ದಂಡು ಚಿತ್ರದುರ್ಗದಿಂದ ಬಂದು ಹರಿಹರದ ಹತ್ತಿರ ತುಂಗಭದ್ರೆ ದಾಟಿತು. ರಾಣೆಬೆನ್ನೂರು ಕೋಟೆ ಬಿತ್ತು. ಇತ್ತ ಜೂನ್ 30ರಂದು ಧೋಂಡಿಯಾ ತನ್ನ ಹಳೇ ವೈರಿ ಗೋಖಲೆಯ ಮೇಲೆ ಬಿದ್ದು ಅವನನ್ನು ಕೊಂದ. ಆರು ವರ್ಷದ ಹಿಂದೆ ತನ್ನನ್ನು ಸೋಲಿಸಿದವನನ್ನೇ ಸೋಲಿಸಿದ್ದ. ಅವನ ಬಾಳಿನಲ್ಲಿ ಸಮಬಲದ ಎದುರಾಳಿಯ ಮೇಲೆ ಸಿಕ್ಕ ಗೆಲುವು ಅಂದರೆ ಇದೇ.

ವೆಲ್ಲೆಸ್ಲಿ ಮುಂದೆ ಮಾತ್ರ ಅವನ ಪಟ್ಟು ನಡೆಯಲಿಲ್ಲ. ಧೋಂಡಿಯಾನ ಬಲ ಇದ್ದಿದ್ದು ಓಟದಲ್ಲಿ. ಸಿಕ್ಕಲ್ಲಿ ದೋಚಿ ಉಣ್ಣುವ ಪಡೆಗೆ ಹೊರೆ ಇರಲ್ಲ. ವೆಲ್ಲೆಸ್ಲಿ ಅವನ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡ. ದಂಡಿಗೆ ಬೇಕಾದ ದವಸವನ್ನು ಬಂಜಾರರ ಎತ್ತಿನ ಹೇರುಗಳಲ್ಲಿ ತರಿಸಿದ. ಮಳೆಗಾಲದ ಹೊಳೆ ದಾಟಲು ಹರಿಗೋಲು ಕಟ್ಟಿಸಿದ. ಜುಲೈ 30ರಂದು ಮುನವಳ್ಳಿ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಧೋಂಡಿಯಾನ ಬಿಡಾರದ ಮೇಲೆ ದಾಳಿ ನಡೆದು, ಎಷ್ಟೋ ಜನ ಹೊಳೆಪಾಲಾದರು.

ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋನಗಲ್‌ನಲ್ಲಿ ಇಬ್ಬರೂ ಎದುರುಬದುರಾದರು. ಧೋಂಡಿಯಾನ ಹತ್ತಿರ ಸುಮಾರು 5,000 ಕುದುರೆ. ವೆಲ್ಲೆಸ್ಲಿ ಹತ್ತಿರ ನಾಲ್ಕು ಅಶ್ವದಳ, ಅದರ ಮೂರನೇ ಒಂದು ಪಾಲೂ ಇಲ್ಲ. ನಾಲ್ಕನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ತಾನೇ ಮುಂದೆ ನಿಂತು ನುಗ್ಗಿಸಿದ. ಧೋಂಡಿಯಾ ಅಲ್ಲೇ ಸತ್ತ. ನೇಣಿನ ಹುಕುಂ ನಡೆಯಲೇ ಇಲ್ಲ. ಅವನ ಶವವನ್ನು ಫಿರಂಗಿ ಗಾಡಿ ಮೇಲೆ ಹಾಕಿ ಬಿಡಾರಕ್ಕೆ ತಂದರು.

ಸಾಮಾನು ಸರಂಜಾಮಿನ ಮಧ್ಯೆ ಧೋಂಡಿಯಾನ ಪುಟ್ಟ ಮಗ ಸಲಾಬತ್ ಖಾನ್ ಸಿಕ್ಕ. ವೆಲ್ಲೆಸ್ಲಿ ಅವನನ್ನು ಸಾಕಿದ, 1805ರಲ್ಲಿ ಇಂಡಿಯಾ ಬಿಡುವಾಗ ಅವನಿಗಾಗಿ ಹಣ ಇಟ್ಟು ಹೋದ. ಹುಡುಗ ಬೆಳೆದು ಮೈಸೂರು ಅರಸರ ಚಾಕರಿ ಸೇರಿ, 1822ರಲ್ಲಿ ಕಾಲರಾದಿಂದ ತೀರಿಕೊಂಡ.

ವೆಲ್ಲೆಸ್ಲಿಗೆ ಇದು ಸ್ವತಂತ್ರವಾಗಿ ನಡೆಸಿದ ಮೊದಲ ದಂಡಯಾತ್ರೆ. 1803ರಲ್ಲಿ ಅಸಾಯೆಯಲ್ಲಿ ಮರಾಠರನ್ನೂ, 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನೂ ಸೋಲಿಸಿದ್ದು, ಆ ನಡುವೆ ವೆಲ್ಲಿಂಗ್ಟನ್ ಡ್ಯೂಕ್ ಎನಿಸಿಕೊಂಡಿದ್ದು ಆಮೇಲಿನ ಮಾತು.

ನೆಪೋಲಿಯನ್‌ನನ್ನು ಗೆದ್ದವನ ಜತೆ ಹೋರಾಡಿದ ಅನ್ನೋ ಕಾರಣಕ್ಕೇ ಧೋಂಡಿಯಾ ದೊಡ್ಡವನಾಗಲ್ಲ. ಸೋತವನು ಗೆದ್ದವನ ಕೀರ್ತಿ ಸಾಲ ತಗೊಳ್ಳಕ್ಕೆ ಬರಲ್ಲ. ಅವನ ದೋಚಾಟಕ್ಕೆ ಸಿಕ್ಕು ನರಳಿದ್ದು ಇದೇ ಸೀಮೆಯ ರೈತರು, ಪೇಟೆಯ ವ್ಯಾಪಾರಿಗಳು ಅನ್ನೋದನ್ನೂ ಮರೆಯೋ ಹಾಗಿಲ್ಲ. ಆದರೆ ಎದುರಾಳಿಗಳು ಅವನಿಗೆ ಕಟ್ಟಿದ ಬೆಲೆ ಬೇರೆ ಮಾತು. ಅವನಿಗಾಗಿ ಬಟಾವಿಯಾ ಬಿಟ್ಟರು, ಮೂರು ತಿಂಗಳು ಹೊಳೆ ಹೊಳೆ ದಾಟಿದರು. ವೆಲ್ಲೆಸ್ಲಿ ಅಡ್ಡ ಬರದಿದ್ದರೆ ಧೋಂಡಿಯಾ ಸ್ವತಂತ್ರ ದೊರೆಯಾಗಿ ಹೊಸ ರಾಜವಂಶವನ್ನೇ ಕಟ್ಟುತ್ತಿದ್ದ ಅನ್ನೋದು ಆಗ ಕೆನರಾದ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಅಭಿಪ್ರಾಯ. ಖಾಲಿ ಅಖಾಡದಲ್ಲಿ ಗೆದ್ದ ಸೀಮೆಗಿಂತ ಈ ಮೂರು ತಿಂಗಳ ಸೋಲಿನಲ್ಲೇ ಚನ್ನಗಿರಿಯ ಸವಾರನ ತೂಕ ಗೊತ್ತಾಗೋದು.