ತಾಯಿಯ ಹೆಸರಿನ ಕವಿ

ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು 1896ರ ಜನವರಿ 31ರಂದು ಧಾರವಾಡದಲ್ಲಿ ಜನಿಸಿದರು. ಮನೆಮಾತು ಮರಾಠಿ, ಕಾವ್ಯದ ಮಾತು ಕನ್ನಡ. ಮನೆಯಲ್ಲೊಂದು, ಪೇಟೆಯಲ್ಲೊಂದು ನುಡಿಯಾಡುವ ಉಮರ್ಗಾ, ನಿಲಂಗಾ, ಉದಗೀರ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1944ರಿಂದ 1956ರವರೆಗೆ ಅವರು ನಮಗೆ ಸಮೀಪದ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು.

ತಂದೆ ಬಾಲ್ಯದಲ್ಲಿಯೇ ತೀರಿಕೊಂಡರು. ಬಡತನದಲ್ಲಿ ಮಗನನ್ನು ಬೆಳೆಸಿದವರು ತಾಯಿ ಅಂಬಿಕೆ. ರೂಢಿಯಂತೆ ಕವಿಯ ಹೆಸರಿನ ನಡುವೆ ತಂದೆಯ ಹೆಸರಿತ್ತು. ಕವಿತೆಗಳಿಗೆ ಮಾತ್ರ ಅವರು ಅಂಬಿಕಾತನಯದತ್ತ ಎಂಬ ಅಂಕಿತವನ್ನು ಆರಿಸಿಕೊಂಡರು. ಅಂಬಿಕೆಯ ಮಗನಾದ ದತ್ತ ಎಂದು ಅದರ ಅರ್ಥ. ತಾಯಿ ಗತಿಸಿದ ಮೇಲೂ ಆ ಹೆಸರು ಮಗನ ಕವಿತೆಗಳೊಡನೆ ಮನೆಮನೆಗೆ ನಡೆಯಿತು.

ಸಾವು ಆ ಮನೆಯನ್ನು ಮತ್ತೆ ಮತ್ತೆ ಹೊಕ್ಕಿತು. ಬೇಂದ್ರೆ, ಲಕ್ಷ್ಮೀಬಾಯಿ ದಂಪತಿಗಳು ಹಲವು ಮಕ್ಕಳನ್ನು ಎಳವೆಯಲ್ಲಿಯೇ ಕಳೆದುಕೊಂಡರು. ಅವರ ಪ್ರಸಿದ್ಧ ಗೀತೆಯೊಂದರಲ್ಲಿ ಮಗುವಿನ ಸಾವಿನ ಹೊತ್ತಿನಲ್ಲಿ ತಾಯಿಯ ನೋಟವನ್ನು ತಂದೆ ಎದುರಿಸಲಾರದೆ ಹೋಗುತ್ತಾನೆ. ಎಷ್ಟು ವರ್ಷ ಪಾಠ ಮಾಡಿದರೂ ಅಲ್ಲಿಗೆ ಬಂದಾಗ ನನ್ನ ಧ್ವನಿ ತಡೆಯುತ್ತದೆ. ಆ ಮಗು ಬದುಕಿದ್ದುದು ಅಲ್ಪಕಾಲ. ಅದರ ದುಃಖವನ್ನು ನಾಡು ಇಂದಿಗೂ ಹಾಡುತ್ತಿದೆ. ದಾಂಪತ್ಯದ ನೋವುನಲಿವುಗಳನ್ನು ‘ಸಖೀಗೀತ’ದಲ್ಲಿಯೂ ಅವರು ತೋಡಿಕೊಂಡರು.

‘ನಾಕುತಂತಿ’ಗೆ 1973ರ ಜ್ಞಾನಪೀಠ ಪ್ರಶಸ್ತಿ ದೊರೆಯಿತು. 1981ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ನಿಧನರಾದರು. ಆಮೇಲೆ ಮಗನ ಸರದಿ. ಡಾ. ವಾಮನ ಬೇಂದ್ರೆಯವರು ತಂದೆಯ ಕವಿತೆಗಳನ್ನೆಲ್ಲ ಒಟ್ಟುಗೂಡಿಸಿ ‘ಔದುಂಬರಗಾಥೆ’ಯ ಸಂಪುಟಗಳಲ್ಲಿ ಸಂಪಾದಿಸಿಕೊಟ್ಟರು. ತಂದೆಯ ಅಕ್ಷರಗಳೊಡನೆ ಆಯುಷ್ಯದ ಬಹುಭಾಗವನ್ನು ಕಳೆದ ಅಂಥ ಮಗನನ್ನು ಪಡೆಯುವುದೂ ಒಂದು ಭಾಗ್ಯವೇ ಸರಿ.

ನಮ್ಮ ಶಾಲೆಗಳ ಜನರಲ್ ರಜಿಸ್ಟರಿನಲ್ಲಿ ಬಹುಕಾಲ ಮಗುವಿನ ಹೆಸರಿನ ಬಳಿಕ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಬರುತ್ತಿದ್ದವು. 2024ರ ಮೇ 1ರಂದು ಮತ್ತು ಆ ಬಳಿಕ ಜನಿಸಿದ ಮಕ್ಕಳಿಗೆ ತಾಯಿಯ ಹೆಸರನ್ನೂ ಕೂಡಿಸಿ ಬರೆಯುವಂತೆ ಮಹಾರಾಷ್ಟ್ರ ಸರಕಾರ ನಿಯಮ ಮಾಡಿದೆ. ಬೇಂದ್ರೆಯವರು ಈ ಕೆಲಸವನ್ನು ಯಾರ ಆಜ್ಞೆಯೂ ಇಲ್ಲದೆ ಮಾಡಿದ್ದರು. ಪ್ರವೇಶದ ದಿನಗಳಲ್ಲಿ, ತಾಯಿಯಿಲ್ಲದ ಮಗುವನ್ನು ಕರೆತಂದ ಪಾಲಕರು ಅರ್ಜಿ ತುಂಬುತ್ತ ತಾಯಿಯ ಹೆಸರಿನ ಎದುರು ಪೆನ್ನು ನಿಲ್ಲಿಸಿ, ತೀರಿಕೊಂಡವಳ ಹೆಸರನ್ನೂ ಬರೆಯಬೇಕೇ ಎಂದು ಕೇಳುವುದುಂಟು. ಬರೆಯಿರಿ, ಅಕ್ಷರ ತಪ್ಪದಂತೆ ಬರೆಯಿರಿ ಎಂದು ಹೇಳುತ್ತೇನೆ.